ಜೋಕಾಲಿ ಕಂಬದ ಬುಡದಲ್ಲಿ ದೇಶದ ಜಾಲ

ನಮ್ಮ ಹಿತ್ತಲಿನ ಹೀರೇಬಳ್ಳಿಯ ಚಪ್ಪರಕ್ಕೆ ಅಡ್ಡ ಹಾಕಿರುವುದು ಬಿದಿರಲ್ಲ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೈಪು. ನಿನ್ನೆ ಕಾಯಿ ಹರಿಯಲು ಹೋದವನು ಕಾಯಿ ಮರೆತು ಆ ಪೈಪನ್ನೇ ನೋಡುತ್ತ ನಿಂತುಬಿಟ್ಟೆ. ಹೀರೇಕಾಯಿ ಹರಿಯಲು ಹೋದಿರೋ ಬೆಳೆಸಲು ಹೋದಿರೋ ಎಂದು ಹೆಂಡತಿ ಒಳಗಿನಿಂದ ಕೇಳಿದಳು. ನಿವೃತ್ತನಾದ ಮೇಲೆ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ.

ಕುಂದಗೋಳ ತಾಲ್ಲೂಕಿನ ನಮ್ಮ ಊರಿಗೆ ನೀವು ಬಂದರೆ ಈ ಕಿತ್ತಳೆ ಪೈಪನ್ನು ಕಾಣದೆ ಹೋಗಲಾರಿರಿ. ಒಬ್ಬರ ಮನೆಯಲ್ಲಿ ಅದು ಅರಿವೆ ಒಣಹಾಕುವ ಗಳ. ಇನ್ನೊಬ್ಬರಲ್ಲಿ ದನದ ಕೊಟ್ಟಿಗೆಗೆ ನೀರು ಹಾಯಿಸುವ ನಳಿಗೆ. ಶಾಲೆಯ ಮಕ್ಕಳು ಅದನ್ನು ಕಿವಿಗೆ ಹಿಡಿದು ಆ ತುದಿಯಿಂದ ಈ ತುದಿಗೆ ಮೇಷ್ಟರ ಬಗೆಗಿನ ಗುಟ್ಟುಗಳನ್ನು ಸಾಗಿಸುತ್ತಾರೆ. ಗುಡಗೇರಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನೊಬ್ಬ ತನ್ನ ಹರಿದ ಛತ್ರಿಗೆ ಅದನ್ನೇ ಕಾಲು ಮಾಡಿಕೊಂಡಿದ್ದಾನೆ. ಬೇಡವಾದ ವಸ್ತುವಿಗೆ ಇಷ್ಟು ಉಪಯೋಗ ಹುಡುಕಿದ ಜನ ಬೇರೆ ಎಲ್ಲಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಆದರೆ ಆ ಪೈಪು ನಮ್ಮೂರಿಗೆ ಬಂದದ್ದು ಹೀರೇಬಳ್ಳಿಗಾಗಿ ಅಲ್ಲ. ದೇಶದ ವಿಶ್ವವಿದ್ಯಾಲಯಗಳು, ಪ್ರಯೋಗಶಾಲೆಗಳು, ಸಂಶೋಧನಾ ಕೇಂದ್ರಗಳನ್ನೆಲ್ಲ ಒಂದಕ್ಕೊಂದು ಹೆಣೆಯುವ ಒಂದು ದೊಡ್ಡ ಕಂಪ್ಯೂಟರ್ ಜಾಲ ತಯಾರಾಗುತ್ತಿತ್ತು. ಆ ಜಾಲದ ಒಂದು ಸಣ್ಣ ತುದಿಯನ್ನು ನಮ್ಮೂರಿನ ಪದವಿ ಕಾಲೇಜಿಗೂ ತಂದು ಕಟ್ಟಬೇಕೆಂದು ಯಾರೋ ಪುಣ್ಯಾತ್ಮರು ಎಲ್ಲೋ ಕುಳಿತು ನಿರ್ಧರಿಸಿದರು. ಕೂದಲಿಗಿಂತ ಸಣ್ಣ ಗಾಜಿನ ಎಳೆ. ಅದರ ಮೇಲೆ ಈ ಕಿತ್ತಳೆ ಪೈಪಿನ ಅಂಗಿ. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳನ್ನು ಗುತ್ತಿಗೆದಾರರು ಅಲ್ಲಲ್ಲೇ ಬಿಟ್ಟುಹೋದರು. ಒಂದಿಷ್ಟು ನೆಲದ ಮೇಲೆ, ಒಂದಿಷ್ಟು ನೆಲದ ಒಳಗೆ. ಈ ನೆಲದ ಒಳಗೆ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಅಲ್ಲೇ.

ಆ ಕಾಲೇಜಿನಲ್ಲಿ ನಾನು ಗ್ರಂಥಪಾಲನಾಗಿದ್ದೆ. ಗ್ರಂಥಪಾಲ ಎಂದರೆ ಕೇಳಲು ದೊಡ್ಡದಾಗಿರುತ್ತದೆ. ಊರವರ ಬಾಯಲ್ಲಿ ನಾನು ‘ಲೈಬ್ರರಿ ಸರ್’. ಆರು ಕಪಾಟು, ನಾಲ್ಕು ಮೇಜು, ಸದಾ ಹತ್ತು ನಿಮಿಷ ಮುಂದೆ ಓಡುವ ಒಂದು ಗಡಿಯಾರ, ಇಷ್ಟು ನನ್ನ ರಾಜ್ಯ. ಸಂಶೋಧನೆ ಮಾಡುವ ಅಧ್ಯಾಪಕರಿಗೆ ಬೇಕಾದದ್ದು ಆ ಆರು ಕಪಾಟುಗಳಲ್ಲಿ ಎಂದೂ ಸಿಗುತ್ತಿರಲಿಲ್ಲ. ಹಾಗಾಗಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ತಮಗೆ ಬೇಕಾದ ಪುಸ್ತಕದ, ಲೇಖನದ ಹೆಸರನ್ನು ಅವರು ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿನ ಉಪ್ಪಿನಕಾಯಿ ಬಾಟಲಿಗೆ ಹಾಕುವುದು. ಶನಿವಾರ ನಾನು ಆ ಚೀಟಿಗಳನ್ನು ಕೈಚೀಲಕ್ಕೆ ಸುರಿದುಕೊಂಡು ಗುಡಗೇರಿಯಲ್ಲಿ ಪ್ಯಾಸೆಂಜರ್ ಗಾಡಿ ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವುದು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕಿ, ಝೆರಾಕ್ಸ್ ಮಾಡಿಸಿ, ಸಂಜೆಗೆ ಊರು ಸೇರುವುದು. ನಡುವೆ ಹುಬ್ಬಳ್ಳಿಯಲ್ಲಿ ಒಂದು ಪ್ಲೇಟು ಗಿರ್ಮಿಟ್ಟು, ಎರಡು ಮಿರ್ಚಿ. ಜ್ಞಾನಪ್ರಸಾರದಲ್ಲಿ ಇವಕ್ಕೂ ಒಂದು ಪಾಲಿದೆ.

ಅಪಘಾತಗಳು ಆಗದೆ ಇರಲಿಲ್ಲ. ಒಮ್ಮೆ ಶೇಂಗಾ ಬೇರಿನ ಗಂಟುಗಳ ಮೇಲಿನ ಮೂವತ್ತು ಪುಟಗಳ ಲೇಖನವನ್ನು ಗಾಡಿಯ ಕಿಟಕಿಯ ಬಳಿ ಕುಳಿತು ತಿರುವಿಹಾಕುತ್ತಿದ್ದೆ. ಸಂಶಿಯ ಹತ್ತಿರ ಗಾಳಿ ಬೀಸಿ ಏಳನೆಯ ಮತ್ತು ಎಂಟನೆಯ ಪುಟಗಳು ಯಾರದೋ ಹತ್ತಿಯ ಹೊಲಕ್ಕೆ ಹೋದವು. ಉಳಿದದ್ದನ್ನು ಏನೂ ಆಗದವನಂತೆ ಕೊಟ್ಟೆ. ಆ ಅಧ್ಯಾಪಕರು ಆಮೇಲೆ ಡಾಕ್ಟರೇಟ್ ಪಡೆದರು, ಸನ್ಮಾನವೂ ಆಯಿತು. ಅವರು ವೇದಿಕೆಯ ಮೇಲೆ ಮಾತನಾಡುತ್ತ ಒಂದು ಕಡೆ ತಡವರಿಸಿದಾಗ, ಇದು ಏಳನೆಯ ಪುಟವೇ ಇರಬೇಕೆಂದು ನಾನು ಕೆಳಗೆ ಕುಳಿತು ಬೆವರಿದೆ.

ಈ ಒಯ್ದು ತಂದು ಹಂಚುವ ಚಟ ನಮ್ಮ ಮನೆತನದ್ದು. ನಾನು ಸಣ್ಣವನಿದ್ದಾಗ ಊರಿಗೆ ಬರುತ್ತಿದ್ದುದು ಒಂದೇ ದಿನಪತ್ರಿಕೆ. ಅದರ ಉಸ್ತುವಾರಿ ನಮ್ಮ ಕಾಕಾನದು. ಹನ್ನೊಂದು ಮನೆಗಳ ಒಂದು ಸರತಿ ಮಾಡಿದ್ದ. ಮೊದಲ ಮನೆಯವರು ಬೆಳಿಗ್ಗೆ ಓದಿದರೆ ಹನ್ನೊಂದನೆಯ ಮನೆಯ ಕಮ್ಮಾರನಿಗೆ ಪತ್ರಿಕೆ ಮುಟ್ಟುವುದು ಮೂರನೆಯ ದಿನ. ಯಾರೋ ಮಂತ್ರಿ ತೀರಿಕೊಂಡ ಸುದ್ದಿ ಓದಿ ಅವನು ಮರುಗುವಷ್ಟರಲ್ಲಿ ಹೊಸ ಮಂತ್ರಿಯ ಮೆರವಣಿಗೆಯೂ ಮುಗಿದಿರುತ್ತಿತ್ತು. ಮನೆಯಿಂದ ಮನೆಗೆ ಪತ್ರಿಕೆ ಒಯ್ಯುವವನು ನಾನು. ಪ್ರತಿ ಮನೆಯಲ್ಲೂ ಏನಾದರೊಂದು ಕೈಗೆ ಹಾಕುತ್ತಿದ್ದರು, ಬೆಲ್ಲ, ಪುಠಾಣಿ, ಇಲ್ಲದಿದ್ದರೆ ಒಂದು ಬೈಗುಳ. ಸುದ್ದಿ ತರುವವನನ್ನು ಜನ ಕಾಯುತ್ತಾರೆ ಎಂಬ ರುಚಿ ನನಗೆ ಆಗಲೇ ಹತ್ತಿತ್ತು.

ಅಂಥವನ ಮುಂದೆ ಬಂದು ಒಬ್ಬ ಎಂಜಿನಿಯರು, ಇನ್ನು ಮೇಲೆ ದೇಶದ ಯಾವ ಮೂಲೆಯ ಲೇಖನವೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಿಮ್ಮ ಮೇಜಿಗೆ ಬರುತ್ತದೆ ಎಂದರೆ ಹೇಗಾಗಬೇಡ. ಕಾಲೇಜಿನ ಗೇಟಿನ ಬಳಿಯ ಬೇವಿನ ಮರದ ಕೆಳಗೆ ಸಭೆ ನಡೆದಿತ್ತು. ನಮ್ಮ ಪ್ರಾಂಶುಪಾಲರು, ಅಧ್ಯಾಪಕರು, ಊರಿನ ಹತ್ತು ಮಂದಿ. ಗೇಟಿನ ಎದುರು ಮನೆಯ ನೀಲವ್ವನೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಎಪ್ಪತ್ತು ದಾಟಿದ ನೀಲವ್ವ ನಮ್ಮ ಕಾಲೇಜಿನ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ. ಗಾಜಿನ ಎಳೆ ಎಂದ ಕೂಡಲೆ ಅವಳು, ಬಳೆಯಂತೆ ಒಡೆದರೆ ಏನು ಗತಿ ಎಂದು ಕೇಳಿದಳು. ಎಂಜಿನಿಯರು ನಕ್ಕು ಹಾಗೆಲ್ಲ ಒಡೆಯುವುದಿಲ್ಲ ಅಮ್ಮಾ ಎಂದರು.

ಆ ಸಭೆಯಲ್ಲಿ ಜಾಲವೆಂದರೇನೆಂದು ಎಲ್ಲರಿಗಿಂತ ಮೊದಲು ತಿಳಿದುಕೊಂಡವನು ದಾದಾಪೀರ. ಐವತ್ತು ವರ್ಷ ಮಗ್ಗದ ಮುಂದೆ ಕುಳಿತವನು. ದೊಡ್ಡ ಊರುಗಳ ನಡುವಿನ ದಪ್ಪ ಎಳೆಗಳು ಹಾಸು, ಅವುಗಳಿಂದ ಕಾಲೇಜುಗಳಿಗೆ ಹೋಗುವ ಸಣ್ಣ ಎಳೆಗಳು ಹೊಕ್ಕು ಎಂದು ಅವನು ನಮಗೇ ತಿಳಿಸಿ ಹೇಳಿದ. ಅದಕ್ಕಿಂತ ಚೆನ್ನಾಗಿ ಆಮೇಲೆ ಯಾರೂ ನನಗೆ ತಿಳಿಸಲಿಲ್ಲ. ಈ ದಾದಾಪೀರನ ಮಗಳೇ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿ ಜುಬೇದಾ. ಅಂದು ಅವಳು ಎಂಜಿನಿಯರ ನಕ್ಷೆಯನ್ನೇ ನೋಡುತ್ತ ಕುಳಿತಿದ್ದಳು.

ಬೇಸಿಗೆಯಲ್ಲಿ ಯಂತ್ರ ಬಂದು ನಮ್ಮ ಎರೆ ನೆಲವನ್ನು ಸೀಳಿಕೊಂಡು ಹೋಯಿತು. ಸೀಳುವಾಗ ಬೇವಿನ ಮರದ ಒಂದು ಕಡೆಯ ಬೇರುಗಳೂ ಹೋದವು. ಮೊದಲ ಅಡ್ಡಮಳೆಯ ಗಾಳಿಗೆ ಮರ ಉರುಳಿತು. ಎಳೆ ಬಂದು ಸೇರಿದ ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ಚರ್ಚೆಯಾಗಿ ಕೊನೆಗೆ ಗ್ರಂಥಾಲಯದಲ್ಲೇ ಇಡುವುದೆಂದಾಯಿತು. ನನ್ನ ಆರು ಕಪಾಟಿನಲ್ಲಿ ಎರಡನ್ನು ವರಾಂಡಕ್ಕೆ ದೂಡಿ ಆ ಜಾಗದಲ್ಲಿ ಅದು ಹಸಿರು ದೀಪ ಮಿಟುಕಿಸುತ್ತ ಕುಳಿತಿತು. ಅತ್ತೆಮನೆಗೆ ಬಂದ ಅಳಿಯನಿಗೂ ಅಷ್ಟು ಮರ್ಯಾದೆ ಇಲ್ಲ. ಅದಕ್ಕೆ ಫ್ಯಾನು ಬೇರೆ.

ನನ್ನ ಉಪ್ಪಿನಕಾಯಿ ಬಾಟಲಿಯ ಚೀಟಿಗಳು ವಾರ ವಾರಕ್ಕೆ ಕಡಿಮೆಯಾದವು. ಮೂರನೆಯ ತಿಂಗಳು ಒಂದೇ ಒಂದು ಚೀಟಿ ಸಿಕ್ಕಿತು. ಆಸೆಯಿಂದ ಬಿಚ್ಚಿ ನೋಡಿದರೆ ಯಾರೋ ಎರಡು ಚಹಾ ತರಿಸಲು ಬರೆದದ್ದು. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಎಚ್ಚರವಾಗಿ, ಹೋಗಲು ಎಲ್ಲೂ ಇಲ್ಲವೆಂದು ನೆನಪಾಗಿ, ಮತ್ತೆ ಮಲಗುತ್ತಿದ್ದೆ. ನನಗೆ ಆ ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಇತ್ತು.

ಜುಬೇದಾ ಮಾತ್ರ ಆ ಪೆಟ್ಟಿಗೆ ಬಂದ ಮೇಲೆ ಬೇರೆಯೇ ವ್ಯಕ್ತಿಯಾದಳು. ಅವಳ ಸಂಶೋಧನೆ ಹೆಸರುಕಾಳಿನ ಬೆಳೆಗೆ ಬರುವ ಹಳದಿ ರೋಗದ ಮೇಲೆ. ಮುಂಗಾರಿನಲ್ಲಿ ಯರಗುಪ್ಪಿಯ ಕಡೆಯ ಹೊಲಗಳಲ್ಲಿ ಓಡಾಡಿ, ಹಳದಿಗಟ್ಟಿದ ಎಲೆಗಳನ್ನು ಕಾಗದದ ಚೀಲಗಳಲ್ಲಿ ತುಂಬಿ, ಹೊಲದವರ ಹೆಸರು ಬರೆದು ತರುತ್ತಿದ್ದಳು. ಒಂದೊಂದು ಹೊಲದಲ್ಲಿ ರೋಗ ಒಂದೊಂದು ರೀತಿ ಏಕೆ ಎಂಬುದು ಅವಳ ಪ್ರಶ್ನೆ. ನಾನು ಮೂರು ಶನಿವಾರ ಓಡಾಡಿ ತರುತ್ತಿದ್ದುದನ್ನು ಈಗ ಅವಳು ನನ್ನ ಮೇಜಿನ ಪಕ್ಕದಲ್ಲೇ ಕುಳಿತು ಒಂದು ಮುಂಜಾನೆಯಲ್ಲಿ ಓದುತ್ತಿದ್ದಳು. ಓದಿ ಖುಷಿಯಾದರೆ ನನ್ನನ್ನೂ ಕರೆದು ತೋರಿಸುವಳು. ನಾನು ಹೌದೇ, ಭಾಳ ಚಲೋ ಎಂದು ಹೇಳಿ ಗಡಿಯಾರಕ್ಕೆ ಕೀಲಿ ಕೊಡಲು ಏಳುತ್ತಿದ್ದೆ.

ಆಗ ಅವಳಿಗೆ ಒಂದು ಅವಕಾಶ ಬಂತು. ದೂರದ ಒಂದು ದೊಡ್ಡ ಪ್ರಯೋಗಶಾಲೆಯವರು ಹಳ್ಳಿಗಳ ಕಡೆಯ ಕೆಲವು ಕಾಲೇಜುಗಳನ್ನು ಆರಿಸಿಕೊಂಡು, ಅಲ್ಲಿನ ಅಧ್ಯಾಪಕರು ತಮ್ಮ ಊರಲ್ಲೇ ಇದ್ದು ಈ ಜಾಲದ ಮೂಲಕ ಪ್ರಯೋಗಶಾಲೆಯ ಭಾರೀ ಕಂಪ್ಯೂಟರನ್ನು ಬಳಸುವ ಒಂದು ಯೋಜನೆ ಮಾಡಿದ್ದರು. ಜುಬೇದಾಳ ಅರ್ಜಿ ಕೊನೆಯ ಸುತ್ತಿಗೆ ಬಂದಿತ್ತು. ಸಂದರ್ಶನವೂ ಜಾಲದ ಮೇಲೆಯೇ, ಅವರವರ ಕಾಲೇಜಿನಿಂದಲೇ ಕೂರಬೇಕು. ಹಳ್ಳಿಯ ಸಂಪರ್ಕವನ್ನು ಎಷ್ಟು ನಂಬಬಹುದು ಎನ್ನುವುದು ಸಮಿತಿಯ ಮುಖ್ಯ ಅನುಮಾನ ಎಂದು ಪತ್ರದಲ್ಲೇ ಬರೆದಿದ್ದರು. ಅವಳ ವಯಸ್ಸಿಗೆ ಅದು ಅರ್ಜಿ ಹಾಕಬಹುದಾದ ಕೊನೆಯ ವರ್ಷ. ತಪ್ಪಿದರೆ ಅವಳ ಆ ಕಾಗದದ ಚೀಲಗಳು ಕಪಾಟಿನಲ್ಲೇ ಉಳಿಯುತ್ತಿದ್ದವು.

ಸಂದರ್ಶನದ ದಿನ ಗೊತ್ತಾದದ್ದು ನಾಗರ ಪಂಚಮಿಯಂದು, ಬೆಳಿಗ್ಗೆ ಹನ್ನೊಂದಕ್ಕೆ. ಆ ಪ್ರಯೋಗಶಾಲೆಯವರಿಗೆ ಅದೊಂದು ಸಾದಾ ಕೆಲಸದ ದಿನ.

ನಮಗೆ ಪಂಚಮಿ ಸಾದಾ ದಿನವಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ ಕಟ್ಟುತ್ತಾರೆ, ಕೈಗೆ ಗೋರಂಟಿ ಹಚ್ಚಿಕೊಂಡು ಜೋಕಾಲಿ ಆಡುತ್ತಾರೆ. ಇನ್ನೊಂದು ಮುಖ್ಯ ಸಂಗತಿ, ಅಂದು ಯಾರೂ ಭೂಮಿ ಅಗೆಯುವುದಿಲ್ಲ. ನೇಗಿಲು, ಕುಡಗೋಲು, ಸಲಿಕೆ, ಹಾರೆ ಎಲ್ಲಕ್ಕೂ ಬಿಡುವು. ನೆಲದೊಳಗಿನ ನಾಗಪ್ಪನಿಗೆ ನೋವಾಗಬಾರದು. ನನ್ನ ಅಜ್ಜಿ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ ಪಂಚಮಿಯ ದಿನ ನಮಗೆ ಗೋಲಿ ಆಡಲೂ ಬಿಡುತ್ತಿರಲಿಲ್ಲ, ಗೋಲಿಗೆ ಕುಣಿ ತೋಡಬೇಕಲ್ಲ. ನಾನು ಒಮ್ಮೆ ಜಾಣತನ ಮಾಡಿ ಹಿಂದಿನ ದಿನವೇ ಕುಣಿ ತೋಡಿಟ್ಟೆ. ಅಜ್ಜಿ ಅದರಲ್ಲಿ ಎರಡು ಹನಿ ಹಾಲು ಹಾಕಿ ಕೈಮುಗಿದುಬಿಟ್ಟಳು. ಕೈಮುಗಿದ ಕುಣಿಯಲ್ಲಿ ಗೋಲಿ ಆಡುವುದು ಹೇಗೆ?

ಬೇವಿನ ಮರ ಬಿದ್ದ ಮೇಲೆ ಗೇಟಿನ ಓಣಿಯ ಹೆಂಗಸರಿಗೆ ಜೋಕಾಲಿ ಕಟ್ಟಲು ಜಾಗವಿರಲಿಲ್ಲ. ಹಬ್ಬದ ಎರಡು ದಿನ ಮೊದಲು ನೀಲವ್ವ ಕಾಲೇಜಿಗೆ ಬಂದಳು. ಯರಗುಪ್ಪಿಗೆ ಕೊಟ್ಟ ಅವಳ ಮಗಳು ಗಂಗವ್ವ ಅತ್ತೆಯ ಕಾಯಿಲೆಯ ದೆಸೆಯಿಂದ ಮೂರು ವರ್ಷ ಪಂಚಮಿಗೆ ಬಂದಿರಲಿಲ್ಲ. ಈ ಸಲ ಬರುತ್ತಿದ್ದಳು. ಕಂಬ ನೆಟ್ಟಾದರೂ ಜೋಕಾಲಿ ಕಟ್ಟಲೇಬೇಕು, ಗೇಟಿನ ಒಳಗೆ ಎಲ್ಲಿ ನೆಡಬೇಕು ಹೇಳಿರಿ ಎಂದಳು. ಪ್ರಾಂಶುಪಾಲರು ರಜೆಯ ಮೇಲೆ ಊರಿಗೆ ಹೋಗಿದ್ದರು. ಅವರ ಕುರ್ಚಿಯ ಚಾರ್ಜು ನನ್ನ ಮೇಲಿತ್ತು. ಚಾರ್ಜು ಸಿಕ್ಕ ಮನುಷ್ಯ ಏನಾದರೂ ನಿರ್ಧಾರ ಮಾಡಲು ಹಾತೊರೆಯುತ್ತಿರುತ್ತಾನೆ. ನಾನು ಛತ್ರಿ ಹಿಡಿದು ಹೊರಟೆ, ಅಲ್ಲಲ್ಲಿ ನೆಲಕ್ಕೆ ಕುಟ್ಟಿ ನೋಡಿದೆ, ಕೊನೆಗೆ ಮಣ್ಣು ಅಗದಿ ಮೆತ್ತಗಿದ್ದ ಒಂದು ಕಡೆ ನಿಂತು, ಇಲ್ಲೇ ಅಗೆಯಿರಿ, ಸುಲಭವಾಗುತ್ತದೆ ಎಂದೆ.

ಮೆತ್ತಗಿರದೆ ಏನಾದೀತು. ಅಲ್ಲಿ ಯಂತ್ರ ಸೀಳಿಹೋಗಿ ಇನ್ನೂ ಎರಡು ಮಳೆಗಾಲ ಕಳೆದಿರಲಿಲ್ಲ.

ನಮ್ಮ ಕಾಲೇಜಿನ ಸಿಪಾಯಿ ಫಕೀರಪ್ಪ ನಾಗಚೌತಿಗೂ ಮೊದಲೇ ಅಗೆದು ಮುಗಿಸಬೇಕೆಂದು ಅಂದು ಸಂಜೆಯೇ ಹಾರೆ ಹಿಡಿದ. ಆದರೆ ಮಳೆ ಬಂದು, ಒಂದು ಕುಣಿ ಅಂದು ಮುಗಿದು, ಎರಡನೆಯದು ಮರುದಿನ ಕಾಲೇಜು ಬಿಟ್ಟ ಮೇಲೆ ಪಂಚಮಿಯ ಹಿಂದಿನ ಸಂಜೆಗೆ ಬಿತ್ತು. ಅದು ಮೊಣಕಾಲಿನಷ್ಟು ಆಳವಾದಾಗ ಅವನು ತಲೆಯೆತ್ತಿ, ಒಂದು ಪೈಪು ಇದೆಯೆಂದ. ಬಗ್ಗಿ ನೋಡಿದೆ. ಕಿತ್ತಳೆ ಬಣ್ಣ. ಊರ ತುಂಬ ಬಿದ್ದಿರುವ ತುಂಡುಗಳಲ್ಲಿ ಇದೂ ಒಂದು, ಹಾಕು ಎರಡು ಏಟು ಎಂದೆ. ಫಕೀರಪ್ಪ ಮೂರು ಹಾಕಿದ. ಎರಡೂ ಕಂಬ ನಿಂತವು, ಮಣ್ಣು ತುಂಬಿದರು, ಮೇಲೆ ಅಡ್ಡಬೊಂಬು ಕಟ್ಟಿದರು. ನೀಲವ್ವ ನನ್ನನ್ನು ಬಾಯಿ ತುಂಬ ಹರಸಿದಳು.

ಪಂಚಮಿಯ ಬೆಳಿಗ್ಗೆ ಎಂಟಕ್ಕೆ ನಾನು ಗ್ರಂಥಾಲಯದ ಬಾಗಿಲು ತೆಗೆಯುವಾಗಲೇ ಜುಬೇದಾ ಬಂದು ನಿಂತಿದ್ದಳು. ಇಸ್ತ್ರಿ ಮಾಡಿದ ನೀಲಿ ಸೀರೆ, ಕೈಯಲ್ಲಿ ಕಾಗದಗಳ ಫೈಲು. ಒಳಗೆ ಹೋಗಿ ನೋಡಿದರೆ ಪೆಟ್ಟಿಗೆಯ ದೀಪ ಕೆಂಪಗಿತ್ತು. ಆರಿಸಿ ಹಚ್ಚಿದಳು. ಕೆಂಪು. ಇನ್ನೊಮ್ಮೆ ಆರಿಸಿ ಹಚ್ಚಿದಳು.

“ಸರ್, ನೆಟ್ ಹೋಗೇತ್ರಿ,” ಎಂದಳು.

ಆ ಕ್ಷಣ ನನಗೆ ಆದದ್ದು ಸಂತೋಷ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಮಾತ್ರ; ಆದರೆ ಆ ಹೊತ್ತಿನಲ್ಲಿ ಕೈಚೀಲ, ಪ್ಯಾಸೆಂಜರ್ ಗಾಡಿ, ಗಿರ್ಮಿಟ್ಟು ಎಲ್ಲ ನನ್ನ ಕಣ್ಣ ಮುಂದೆ ಬಂದುಹೋದವು. ನೋಡಿದಿರಾ, ಕೊನೆಗೂ ನಾನೇ ಬೇಕಾಯಿತು ಎಂದು ಒಳಗೆ ಯಾರೋ ಹೇಳಿದರು. ಆಮೇಲೆ ಅವಳು ಮೂರನೆಯ ಸಲ ಆರಿಸಿ ಹಚ್ಚುತ್ತಿದ್ದುದು ಕಂಡಿತು. ನನ್ನ ಮುಖ ಬಾಡಿತು.

ಎಳೆ ಜೋಡಿಸುವ ಶಿವಾನಂದ ಇದ್ದದ್ದು ಕುಂದಗೋಳದಲ್ಲಿ. ಫೋನು ಮಾಡಿದೆ. ಹಬ್ಬದ ದಿನವಾದರೂ ಪಾಪ, ನಾಗಪ್ಪನಿಗೆ ಹಾಲೆರೆದು ಮೋಟಾರುಸೈಕಲ್ ಏರಿ ಒಂಬತ್ತೂವರೆಗೆ ಬಂದ. ಅವನ ಬಳಿ ಎಳೆಯೊಳಗೆ ಬೆಳಕು ಬಿಟ್ಟು, ಎಷ್ಟು ದೂರದಲ್ಲಿ ಹರಿದಿದೆಯೆಂದು ಹೇಳುವ ಒಂದು ಯಂತ್ರವಿತ್ತು. ಯಂತ್ರ ಹೇಳಿದ ದೂರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗ್ರಂಥಾಲಯದ ಗೋಡೆಯಿಂದ ಹೆಜ್ಜೆ ಎಣಿಸುತ್ತ ಹೊರಟ. ಅವನ ಹಿಂದೆ ನಾನು, ನನ್ನ ಹಿಂದೆ ಜುಬೇದಾ ಮತ್ತು ಫಕೀರಪ್ಪ. ತಲೆ ತಗ್ಗಿಸಿ ಎಣಿಸುತ್ತಲೇ ಹೋದ ಶಿವಾನಂದನ ಕಿವಿಯ ಪಕ್ಕದಲ್ಲಿ ಒಂದು ಜೊತೆ ಪಾದಗಳು ಸುಂಯ್ ಎಂದು ಹಾದುಹೋದವು. ನಿಂತ. ಎದುರಿಗೆ ಜೋಕಾಲಿ. ಅದರ ಮೇಲೆ ಯರಗುಪ್ಪಿಯ ಗಂಗವ್ವ, ಮೂರು ವರ್ಷದ ಬಾಕಿಯನ್ನೆಲ್ಲ ತೀರಿಸುವವಳಂತೆ ಜೀಕುತ್ತಿದ್ದಳು. ಶಿವಾನಂದ ಕಂಬದ ಬುಡ ತೋರಿಸಿ, ಇಲ್ಲೇ ಎಂದ. ಫಕೀರಪ್ಪ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಕಂಬದ ಪಕ್ಕ ಒಂದು ಗುಂಡಿ ತೆಗೆದು ಕೊಟ್ಟರೆ ಮುಕ್ಕಾಲು ತಾಸಿನಲ್ಲಿ ಜೋಡಿಸುತ್ತೇನೆ ಎಂದ ಶಿವಾನಂದ. ಆದರೆ ಪಂಚಮಿಯ ದಿನ ಹಾರೆ ಹಿಡಿಯುವವರು ಯಾರು? ಫಕೀರಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. ಶಿವಾನಂದ ತನಗೂ ಆಗುವುದಿಲ್ಲವೆಂದ. ಸುದ್ದಿ ತಿಳಿದು ದಾದಾಪೀರ ಬಂದಿದ್ದ. ಮಗಳಿಗಾಗಿ ಅವನಾದರೂ ಅಗೆಯಬಹುದೆಂದು ಯಾರೋ ಅಂದರು. ಅವನು ತಲೆಯಾಡಿಸಿದ. “ಹಬ್ಬ ನಿಮ್ಮದಿರಬಹುದ್ರಿ. ಈ ನೆಲದ ಮ್ಯಾಲ ಇವತ್ತ ನಮ್ಮಪ್ಪನೂ ಸಲಿಕಿ ಇಟ್ಟಿಲ್ಲ, ನಮ್ಮಜ್ಜನೂ ಇಟ್ಟಿಲ್ಲ,” ಎಂದ. ಮೊಬೈಲಿನ ಮೇಲೆ ಸಂದರ್ಶನಕ್ಕೆ ಕೂರಿಸಬಹುದಾದ ಕಾಲ ಅದಲ್ಲ. ನೀರಿನ ಟಾಕಿ ಹತ್ತಿ ನಿಂತರೆ ಒಂದು ಕಡ್ಡಿ ಸಿಗ್ನಲ್, ಅದೂ ಮಾತಿಗಷ್ಟೆ. ಧಾರವಾಡದ ವಿಶ್ವವಿದ್ಯಾಲಯಕ್ಕೆ ಓಡಿಹೋಗಿ ಕೂರಿಸೋಣವೆಂದರೆ ಅಲ್ಲಿಗೆ ಮುಟ್ಟುವಷ್ಟು ಹೊತ್ತೂ ಉಳಿದಿರಲಿಲ್ಲ.

ಎಲ್ಲರೂ ಚಾರ್ಜಿನಲ್ಲಿದ್ದ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಸಮಿತಿಗೆ ಒಂದು ಪತ್ರ ಬರೆಯೋಣ, ಇನ್ನೊಂದು ದಿನ ಕೊಡಿರೆಂದು ಕೇಳೋಣ, ಬೇಕಾದ ಕಾಗದಗಳನ್ನೆಲ್ಲ ನಾನೇ ಖುದ್ದಾಗಿ ಒಯ್ದು ಮುಟ್ಟಿಸುತ್ತೇನೆ ಎಂದೆ. ಪತ್ರದ ಮೊದಲ ಸಾಲು ಕೂಡ ಆಗಲೇ ನನ್ನ ತಲೆಯಲ್ಲಿ ತಯಾರಾಗಿತ್ತು. ಹಳ್ಳಿಯ ಸಂಪರ್ಕವನ್ನು ನಂಬಬಹುದೇ ಎಂದು ಅನುಮಾನಿಸುತ್ತಿದ್ದ ಸಮಿತಿಗೆ, ಸಂಪರ್ಕವಿಲ್ಲ ಸ್ವಾಮಿ ಎಂದು ಬರೆಯುವುದು ಎಂಥ ಉಪಕಾರ ಎನ್ನುವುದು ನನಗೆ ಹೊಳೆಯಲಿಲ್ಲ. ಜುಬೇದಾ ನನ್ನ ಮಾತು ಮುಗಿಯುವವರೆಗೂ ಕಾಯಲಿಲ್ಲ. ತಿರುಗಿ ನೇರವಾಗಿ ಜೋಕಾಲಿಯ ಕಡೆ ನಡೆದಳು. ಅಳಲು ಹೋದಳೆಂದುಕೊಂಡೆ.

ಅವಳು ಹೋಗಿ ಕುಳಿತದ್ದು ನೀಲವ್ವನ ಎದುರಿಗೆ. ಏನು ಹೇಳಿದಳೋ ನಮಗೆ ಕೇಳಲಿಲ್ಲ. ನೀಲವ್ವ ಒಂದೆರಡು ಪ್ರಶ್ನೆ ಕೇಳಿದಳು. ಕಂಬ ನೋಡಿದಳು, ಮಗಳನ್ನು ನೋಡಿದಳು. ಗಂಗವ್ವ ಜೀಕುವುದನ್ನು ನಿಲ್ಲಿಸಿದಳು. ಆಮೇಲೆ ನೀಲವ್ವ ಎದ್ದು ಬಂದು ನಮ್ಮ ಗಂಡಸರ ಗುಂಪಿನ ಮುಂದೆ ನಿಂತಳು.

“ಅಗಿಯೋದ್ಯಾಕ ಬೇಕು? ಕುಣಿ ನಿನ್ನೇನ ಅಗದೈತಿ. ಕಂಬ ಕಿತ್ತು ತಗೀರಿ,” ಎಂದಳು.

ಫಕೀರಪ್ಪ, ಕಂಬದ ಸುತ್ತ ತುಂಬಿದ ಮಣ್ಣನ್ನು ತೆಗೆಯಬೇಕಲ್ಲ, ಅದು ಅಗೆದಂತಲ್ಲವೇ ಎಂದು ಕೇಳಿದ. ನೀಲವ್ವನ ತೀರ್ಪು ತಯಾರಿತ್ತು. “ನಿನ್ನಿ ತುಂಬಿದ್ದು ಭೂಮಿ ಅಲ್ಲೋ ತಮ್ಮಾ, ಅದಿನ್ನೂ ಬರೇ ಮಣ್ಣ ಐತಿ. ಕೈಲೆ ತಗದ್ರ ನಾಗಪ್ಪಗ ಏನೂ ಆಗೂದಿಲ್ಲ.”

ಗಂಗವ್ವ ಜೋಕಾಲಿಯಿಂದ ಇಳಿದು ತಾನೇ ಹಗ್ಗ ಬಿಚ್ಚಿದಳು. ಆ ಹಗ್ಗವನ್ನೇ ಕಂಬಕ್ಕೆ ಬಿಗಿದು ಎಳೆದದ್ದು. ಮಳೆಗೆ ತೊಯ್ದ ಎರೆಮಣ್ಣು ಸುಲಭಕ್ಕೆ ಬಿಡುವುದಿಲ್ಲ, ಅತ್ತಿತ್ತ ಜಗ್ಗಿ ಸಡಿಲಿಸಲು ಒಂದು ಕಡೆ ಶಿವಾನಂದ, ದಾದಾಪೀರ, ಫಕೀರಪ್ಪ, ಇನ್ನೊಂದು ಕಡೆ ತವರಿಗೆ ಬಂದ ಏಳೆಂಟು ಹೆಣ್ಣುಮಕ್ಕಳು. ನಾನೂ ಹಗ್ಗದ ತುದಿ ಹಿಡಿದಿದ್ದೆ. ಕಂಬ ಕಿತ್ತು ಬಂದಾಗ ಎಲ್ಲರಿಗಿಂತ ಮೊದಲು ಬಿದ್ದವನು ನಾನೇ. ಹೆಂಗಸರು ಗೋರಂಟಿ ಹಚ್ಚಿದ ಕೈಗಳಿಂದ ಮಣ್ಣನ್ನು ಪರಾತಕ್ಕೆ ತುಂಬಿ ತುಂಬಿ ಹಾಕಿದರು. ಕಿತ್ತಳೆ ಪೈಪಿನ ಎರಡು ಮೂತಿಗಳು ಕುಣಿಯ ಎರಡು ಬದಿಯಲ್ಲಿ ಕಂಡವು. ಗೇಟಿನ ಬಳಿಯ ಸಿಮೆಂಟಿನ ತೊಟ್ಟಿಯಲ್ಲಿ ಸುತ್ತಿಟ್ಟಿದ್ದ ಹೆಚ್ಚಿನ ಎಳೆಯನ್ನು ಶಿವಾನಂದ ಪೈಪಿನೊಳಗಿಂದಲೇ ಎಳೆದುಕೊಂಡ. ಕೊಡೆಯ ಕೆಳಗೆ ಕುಳಿತು ತುದಿಗಳನ್ನು ಒರೆಸಿ, ಕತ್ತರಿಸಿ, ಯಂತ್ರದಲ್ಲಿಟ್ಟು ಜೋಡಿಸತೊಡಗಿದ. ದಾದಾಪೀರ ಅವನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಎಳೆ ಸರಿಯಾಗಿ ಕೂಡದಾಗ ಶಿವಾನಂದನಿಗಿಂತ ಮೊದಲು ತಾನು ಹೇಳುತ್ತಿದ್ದ.

ಹನ್ನೊಂದು ಗಂಟೆ ಏಳು ನಿಮಿಷಕ್ಕೆ ದೀಪ ಹಸಿರಾಯಿತು. ನನ್ನ ಗೋಡೆ ಗಡಿಯಾರದಲ್ಲಿ ಹನ್ನೊಂದು ಹದಿನೇಳು. ಅದನ್ನು ನೋಡಿಯೇ ಜುಬೇದಾ ಅರ್ಧ ಸತ್ತಿದ್ದಳು.

ಪರದೆಯ ಮೇಲೆ ನಾಲ್ಕು ಜನ ಮೂಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹಳದಿ ರೋಗದ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಅವಳು ಹೊಲದ ಹೆಸರು ಹಿಡಿದು ಉತ್ತರ ಕೊಟ್ಟಳು. ಕೊನೆಗೆ ಅವರಲ್ಲಿದ್ದ ಹಿರಿಯ ಹೆಂಗಸು, ತಡವೇಕಾಯಿತು, ನಿಮ್ಮ ಸಂಪರ್ಕವನ್ನು ನಾವು ನಂಬುವುದು ಹೇಗೆ ಎಂದು ಕೇಳಿದರು. ಜುಬೇದಾ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಂಬ, ಪೈಪು, ಪಂಚಮಿ, ಯಾರೂ ಅಗೆಯದಿದ್ದುದು ಎಲ್ಲವನ್ನೂ. ಜಾಗ ತೋರಿಸಿದ ಮನುಷ್ಯ ಯಾರೆಂದು ಮಾತ್ರ ಹೇಳಲಿಲ್ಲ. ಎಳೆ ಹರಿಯುವುದಿಲ್ಲ ಎಂದು ನಾನು ಮಾತು ಕೊಡಲಾರೆ, ಆದರೆ ಮೂರು ವರ್ಷಕ್ಕೆ ತವರಿಗೆ ಬಂದ ಒಬ್ಬ ಹೆಣ್ಣುಮಗಳು ಇವತ್ತು ಇದನ್ನು ಜೋಡಿಸಲೆಂದು ತನ್ನ ಜೋಕಾಲಿ ಬಿಚ್ಚಿ ಕೊಟ್ಟಿದ್ದಾಳೆ, ಅದನ್ನು ನೀವು ನಂಬಬಹುದು ಎಂದಳು. ಪರದೆಯ ಮೇಲಿನ ಹಿರಿಯ ಹೆಂಗಸು ಆ ಹೆಣ್ಣುಮಗಳ ಹೆಸರು ಕೇಳಿ ಬರೆದುಕೊಂಡರು.

ಆಯ್ಕೆಯ ಪತ್ರ ಗಣಪತಿ ಹಬ್ಬಕ್ಕೆ ಮೊದಲೇ ಬಂತು. ಜುಬೇದಾ ಇಂದಿಗೂ ಅದೇ ಕಾಲೇಜಿನಲ್ಲಿದ್ದಾಳೆ. ಮುಂಗಾರು ಬಂದರೆ ಅವಳು ಯರಗುಪ್ಪಿಯ ಹೊಲಗಳಲ್ಲಿ, ಅವಳ ಲೆಕ್ಕಗಳು ಎಲ್ಲೋ ದೂರದ ಯಂತ್ರದಲ್ಲಿ.

ಆದರೆ ನಾನು ಹೇಳಬೇಕೆಂದು ಕುಳಿತದ್ದು ಆ ಪಂಚಮಿಯ ಮಧ್ಯಾಹ್ನದ ಮಾತು. ಸಂದರ್ಶನ ಮುಗಿದ ಮೇಲೆ ಜೋಕಾಲಿ ಇಲ್ಲದ ಹೆಂಗಸರೆಲ್ಲ ಗ್ರಂಥಾಲಯದ ಕಟ್ಟೆಯ ಮೇಲೆ ಕುಳಿತು ಉಂಡಿ ಹಂಚುತ್ತಿದ್ದರು. ಗಂಗವ್ವ ನಗುತ್ತಿದ್ದಳು, ಕೈಯ ಗೋರಂಟಿ ಮಣ್ಣಿನಲ್ಲಿ ಕಾಣಿಸದಾಗಿತ್ತು. ಜುಬೇದಾಳನ್ನು ಬದಿಗೆ ಕರೆದು, ಜಾಗ ತೋರಿಸಿದ್ದು ನನ್ನ ತಪ್ಪು, ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಬೆಳಿಗ್ಗೆ ನೆಟ್ ಹೋಯಿತೆಂದು ನೀನು ಹೇಳಿದಾಗ ಒಂದು ಗಳಿಗೆ ನನಗೆ ಖುಷಿಯಾಯಿತು, ಕ್ಷಮಿಸಬೇಕು ಎಂದೆ. ಅವಳಿಗೆ ಆಘಾತವಾಗುತ್ತದೆ ಎಂದುಕೊಂಡಿದ್ದೆ. ಅವಳು ತಟ್ಟೆಯಿಂದ ಒಂದು ಉಂಡಿ ತೆಗೆದು ನನ್ನ ಕೈಯಲ್ಲಿಟ್ಟಳು.

“ಗೊತ್ತೈತ್ರಿ ಸರ್. ನಿಮ್ಮ ಮಾರಿ ನೋಡಿದ್ನಲ್ಲ,” ಎಂದಳು. “ಅದಕ್ಕ ನಿಮ್ಮ ಪತ್ರಾ ಬಿಟ್ಟು ನೀಲವ್ವ ಆಯಿ ಕಡೆ ಹೋದೆ. ಉಂಡಿ ತಿನ್ರಿ.”

ತಿಂದೆ. ಶೇಂಗಾದ ಉಂಡಿ, ಪಾಕ ಏರಿ ಬಹಳ ಗಟ್ಟಿಯಾಗಿತ್ತು. ಬಹಳ ಹೊತ್ತು ಏನೂ ಮಾತನಾಡದೆ ಇರಲು ಅದರಿಂದ ಅನುಕೂಲವಾಯಿತು.